ಅತ್ತೆಯ ಕಿವಿ

ಸಲೂನಿನ ಮೇಲಿನ ಮನೆ,
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ರೀ,

ಪತ್ರವನ್ನು ಯಾರಾದರೂ ಹೀಗೆ ಶುರು ಮಾಡುತ್ತಾರೆಯೇ ಎಂದು ನಗಬೇಡಿ. "ಪ್ರೀತಿಯ" ಎಂದು ಬರೆದು ಅದರ ಮುಂದೆ ನಿಮ್ಮ ಹೆಸರು ಬರೆದೆ. ಯಾರೋ ಬೇರೆ ಗಂಡಸಿಗೆ ಬರೆಯುತ್ತಿದ್ದೇನೆ ಅನಿಸಿತು, ಆ ಹಾಳೆ ಹರಿದು ಹಾಕಿದೆ. ಮದುವೆಯಾದಾಗಿನಿಂದ "ರೀ" ಎಂದು ಕರೆದೇ ಸಂಸಾರ ಮಾಡಿದವಳು ನಾನು, ಈಗ ಹೊಸದಾಗಿ ಹೆಸರು ಹಿಡಿದರೆ ನಾಲಗೆಯೂ ಒಪ್ಪುವುದಿಲ್ಲ, ಕೈಯೂ ಒಪ್ಪುವುದಿಲ್ಲ. ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಹಡಗಿನ ಸಲೂನಿನಲ್ಲಿ ಗಿರಾಕಿ ಇಲ್ಲದಾಗಲಾದರೂ ಕೂತುಕೊಳ್ಳಿ. ಮಂಡಿನೋವಿನ ಸುದ್ದಿ ಇವಳಿಗೆ ಯಾರು ಹೇಳಿದರು ಎಂದು ಹುಬ್ಬೇರಿಸುತ್ತೀರಿ ಅಂತ ಗೊತ್ತು, ನೀವಂತೂ ಹೇಳಲಿಲ್ಲ. ಅದನ್ನು ಮುಂದೆ ಬರೆಯುತ್ತೇನೆ. ನಾವೆಲ್ಲ ಕ್ಷೇಮ. ಅತ್ತೆಗೆ ಕೆಮ್ಮು ಹಿಡಿದಿತ್ತು, ವಾಸಿಯಾಯಿತು. ಆದರೂ ಯಾರಾದರೂ ಮನೆಗೆ ಬಂದರೆ ಅವರ ಮರ್ಯಾದೆಗೆಂದು ಒಂದೆರಡು ಸಲ ಕೆಮ್ಮುತ್ತಾರೆ, ಬಂದವರು ಹೋದ ಮೇಲೆ ಸುಮ್ಮನಾಗುತ್ತಾರೆ. ಮಗಳು ಒಂದೇ ಸಮನೆ ಉದ್ದವಾಗುತ್ತಿದ್ದಾಳೆ. ನೀವು ಹೋಗುವಾಗ ಹೊಲಿಸಿದ ಶಾಲೆಯ ಅಂಗಿಯ ತೋಳು ಈಗ ಮೊಣಕೈ ಹತ್ತಿರ ಬಂದು ನಿಂತಿದೆ.

ಈ ಪತ್ರವನ್ನು ನಿಮ್ಮ ಹಡಗಿನ ಬೇಕರಿಯವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ರಜೆ ಮುಗಿಯಿತು, ಇವತ್ತು ಸಂಜೆ ಹೊರಡುತ್ತಾರೆ, ಶನಿವಾರ ಹಡಗು ಹತ್ತುತ್ತಾರಂತೆ. ನಿಮ್ಮ ಕೋಣೆಯಲ್ಲೇ ಮಲಗುವವರು, ಅದಕ್ಕೇ ಹೇಳುತ್ತೇನೆ, ಅವರ ಎದುರಿಗೆ ಓದಬೇಡಿ. ಓದುವಾಗ ಮುಖ ಹೇಗಿರಬೇಕು ಎಂಬ ಚಿಂತೆ ಹತ್ತಿದರೆ ಓದಿದ್ದು ತಲೆಗೆ ಹೋಗುವುದಿಲ್ಲ. ವಾರವಾರ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುವಾಗ ಕಾಗದ ಯಾಕೆ ಎಂದು ಕೇಳಬಹುದು. ಮುಖ ನೋಡಿಕೊಳ್ಳುವುದೇನೋ ನಿಜ. ಮಾತಾಡುತ್ತೇವೆಯೇ ಎಂಬುದು ನನಗೆ ಅನುಮಾನ. ಕಳೆದ ಭಾನುವಾರ ನೀವು, "ಇನ್ನೂ ಎರಡು ವರ್ಷ ಇರು ಅಂತಿದ್ದಾರೆ, ಸೋಮವಾರ ಬಿಟ್ಟು ಮುಂದಿನ ಸೋಮವಾರ ಸಹಿ ಹಾಕ್ಬೇಕು, ಏನಂತೀಯ?" ಎಂದು ಕೇಳಿದಿರಿ. ನಾನು, "ಇರಿ, ನಮ್ಮ ಚಿಂತೆ ಬಿಡಿ" ಎಂದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಮನೆ ಸುದ್ದಿ.

ಕೆಳಗೆ ಸಲೂನು ಚೆನ್ನಾಗಿ ನಡೆಯುತ್ತಿದೆ. ನಿಮ್ಮ ತಮ್ಮನ ಕೈ ಚುರುಕು, ನಾಲಗೆ ಅದಕ್ಕಿಂತ ಚುರುಕು. ನಿಮ್ಮ ಹಾಗೆ ಕುರ್ಚಿಯ ಹಿಂದೆ ನಿಂತು ಕನ್ನಡಿಯೊಳಗಿರುವ ಗಿರಾಕಿಯ ಜೊತೆ ಮಾತಾಡುವ ಅಭ್ಯಾಸ ಅವನಿಗಿಲ್ಲ. ಎದುರಿಗೇ ಬಂದು, ಬಗ್ಗಿ, ಮುಖಕ್ಕೆ ಮುಖ ಕೊಟ್ಟು, ಕತ್ತರಿ ಆಡಿಸುತ್ತಾ ಪ್ರಪಂಚದ ಸುದ್ದಿಯನ್ನೆಲ್ಲ ಹೇಳುತ್ತಾನೆ. ಗಡಿಯಾರ ರಿಪೇರಿಯವರು ಮೊನ್ನೆ ಮೆಟ್ಟಿಲ ಹತ್ತಿರ ಸಿಕ್ಕಿ, "ನಿಮ್ಮ ಮೈದುನ ಕಟಿಂಗ್ ಚೆನ್ನಾಗೇ ಮಾಡ್ತಾನಮ್ಮ, ಆದ್ರೆ ನಂಗೆ ಬಾಯಿ ಬಿಡೋಕೆ ಸಂದು ಕೊಡಲ್ಲ. ಯಜಮಾನ್ರು ಯಾವಾಗ ಬರ್ತಾರೆ?" ಎಂದು ಕೇಳಿದರು. ಮಗ ಮಾತು ಬಿಟ್ಟು ದೂರವಾದ ಸಂಕಟವನ್ನು ಅವರು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲವಂತೆ, ನಿಮ್ಮ ಹತ್ತಿರ ಬಿಟ್ಟು. ಅದೂ ಕತ್ತಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಕನ್ನಡಿ ನೋಡುತ್ತಾ. ಬೇಗ ಬರುತ್ತಾರೆ ಎಂದು ಹೇಳಿ ಮೆಟ್ಟಿಲು ಹತ್ತಿಬಿಟ್ಟೆ.

ಆಮೇಲೆ ಅಡುಗೆ ಮಾಡುವಾಗ ನಮ್ಮ ಮದುವೆಯ ಹೊಸತರ ದಿನಗಳು ನೆನಪಾದವು. ಆಗ ನಿಮ್ಮ ಬಗ್ಗೆ ನನ್ನಕ್ಕನಿಗೆ ಏನು ಹೇಳಿದ್ದೆ ಎಂದು ನಿಮಗೆ ಇಂದಿಗೂ ಗೊತ್ತಿಲ್ಲ. "ಮನುಷ್ಯ ಒಳ್ಳೇವರು ಕಣೇ, ಆದ್ರೆ ಮಾತು ಬರುತ್ತೋ ಇಲ್ವೋ ಗೊತ್ತಿಲ್ಲ" ಎಂದಿದ್ದೆ. ನನಗೆ ಏನಾದರೂ ಹೇಳಬೇಕಾದರೆ ನೀವು ಗೋಡೆ ನೋಡುತ್ತಿದ್ದಿರಿ, ಇಲ್ಲವೇ ನಿಮ್ಮ ಚಪ್ಪಲಿ ನೋಡುತ್ತಿದ್ದಿರಿ. ಒಂದು ದಿನ ಗ್ಯಾಸ್ ಸಿಲಿಂಡರನ್ನು ನೋಡುತ್ತಾ "ಊಟ ಚೆನ್ನಾಗಿತ್ತು" ಎಂದಿರಿ, ಅಡುಗೆ ಮಾಡಿದ್ದು ಅದೇ ಎಂಬಂತೆ. ಇಂಥವರ ಜೊತೆ ಬಾಳುವುದು ಹೇಗಪ್ಪಾ ಎಂದು ಎದೆ ಭಾರ ಮಾಡಿಕೊಂಡೇ ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಕೆಳಗೆ ಸಲೂನಿಗೆ ಬಂದೆ. ಬಾಗಿಲಲ್ಲಿ ನಿಂತು ನೋಡುತ್ತೇನೆ, ನೀವು ಯಾರದೋ ತಲೆ ಬಾಚುತ್ತಾ ಹರಟೆ ಹೊಡೆಯುತ್ತಿದ್ದೀರಿ, ನಗಿಸುತ್ತಿದ್ದೀರಿ, ಎಲ್ಲ ಕನ್ನಡಿಯೊಳಗೆ ನೋಡಿಕೊಂಡು. ನಾನೂ ಅದರಲ್ಲಿ ಕಂಡೆನೇನೋ, ಕೈ ನಿಲ್ಲಿಸದೆ, "ಬಂದ್ಯಾ? ನಿನ್ನೆ ಹಾಕಿದ್ಯಲ್ಲ, ಆ ಹಸಿರು ಬಣ್ಣ ನಿಂಗೆ ತುಂಬಾ ಒಪ್ಪುತ್ತೆ. ನಿನ್ನೇನೇ ಹೇಳ್ಬೇಕು ಅನ್ಕೊಂಡೆ" ಎಂದಿರಿ. ಇಷ್ಟು ಚೆಂದ ಮಾತಾಡಿದ್ದು ಯಾರು ಎಂದು ನಾನು ಹಿಂದೆ ತಿರುಗಿ ನೋಡಿದೆ.

ಅಂದಿನಿಂದ ನನಗೆ ನಿಮ್ಮ ಮರ್ಮ ತಿಳಿಯಿತು. ಸಲೂನಿಗೆ ಹೊಸ ಕನ್ನಡಿಗಳು ಬಂದಾಗ ಮೂಲೆ ಒಡೆದ ಹಳೆಯದನ್ನು ಎಸೆಯಲು ಬಿಡದೆ ಮೇಲೆ ತರಿಸಿ ಒಲೆಯ ಮೇಲಿನ ಗೋಡೆಗೆ ಹೊಡೆಸಿದೆ. ಅತ್ತೆ ಇಡೀ ಬೀದಿಗೆ ಕೇಳುವ ಹಾಗೆ, "ಒಲೆ ಮುಂದೆ ನಿಂತು ಸಿಂಗಾರ ಮಾಡ್ಕೋತಾಳಂತೆ ನಮ್ಮ ಸೊಸೆ" ಎಂದರು. ಅಡುಗೆಮನೆಗೆ ಬೆಳಕು ಸಾಲದು, ಕನ್ನಡಿ ಇದ್ದರೆ ಬೆಳಕು ಹೆಚ್ಚುತ್ತದೆ ಎಂದು ಸುಳ್ಳು ಹೇಳಿದೆ. ಅಸಲು ಸಂಗತಿ ನಿಮಗೂ ಹೇಳಲಿಲ್ಲ, ನಿಮಗೆ ಗೊತ್ತಾಗಿತ್ತೋ ಏನೋ. ನಾನು ಬೆನ್ನು ಹಾಕಿ ಅಡುಗೆ ಮಾಡುತ್ತಿದ್ದೆ, ನೀವು ಹಿಂದೆ ಮೇಜಿನ ಹತ್ತಿರ ಕೂತು ಈರುಳ್ಳಿ ಹೆಚ್ಚುತ್ತಿದ್ದಿರಿ, ನಿಮ್ಮ ಬಾಯಿಗೆ ಹಾಕಿದ್ದ ಬೀಗ ತಾನಾಗಿ ಕಳಚಿತು. ಮಗಳಿಗೆ ಇಡಬೇಕಾದ ಹೆಸರು ಹೇಳಿದ್ದು ಅಲ್ಲೇ. ಮಾವ ತೀರಿಕೊಂಡ ಮೇಲೆ ಎಲ್ಲರ ಎದುರಿಗೆ ಕಲ್ಲಿನ ಹಾಗಿದ್ದ ನೀವು ಅತ್ತಿದ್ದೂ ಅಲ್ಲೇ, ನಾನು ತಿರುಗದೆ ಪಾತ್ರೆಯಲ್ಲಿ ಸೌಟು ಆಡಿಸುತ್ತಲೇ ಇದ್ದೆ. ತಿರುಗಿದ್ದರೆ ನಿಮ್ಮ ಅಳು ನಿಂತುಬಿಡುತ್ತಿತ್ತು. ಹಡಗಿನ ಕೆಲಸದ ಮಾತು ಎತ್ತಿದ್ದೂ ಅಲ್ಲೇ ಅಲ್ಲವೇ? ನಾನು ಒಂದು ಮಾತೂ ಆಡಿರಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿ ನೀವೇ, "ನಿಂಗೆ ಇಷ್ಟ ಇಲ್ಲ" ಎಂದಿರಿ. ಹೌದು, ಇಷ್ಟವಿರಲಿಲ್ಲ. ಎರಡೇ ವರ್ಷ, ಆಮೇಲೆ ಅದರ ಸುದ್ದಿಗೇ ಹೋಗಬಾರದು ಎಂದು ಒಪ್ಪಿಕೊಂಡೆವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಊರಿಗೆಲ್ಲ ಬೇಡದಿರಬಹುದು, ನಮ್ಮಿಬ್ಬರಿಗೆ ಮಾತ್ರ ಬೇಕು.

ಈಗಲೂ ಅಡುಗೆ ಮಾಡುವಾಗ ಕಣ್ಣು ತಾನಾಗಿ ಮೇಲೆ ಹೋಗುತ್ತದೆ. ನಿಮ್ಮ ಕುರ್ಚಿ ಕಾಣುತ್ತದೆ. ಆವಿ ಕಟ್ಟಿಕೊಂಡಾಗ ಕೈಬಟ್ಟೆಯಿಂದ ಒರೆಸುತ್ತೇನೆ, ಒರೆಸಿದ ಮೇಲೂ ಬರೀ ಕುರ್ಚಿ. ಒಂದೊಂದು ದಿನ ಬೇಕೆಂದೇ ಒರೆಸುವುದಿಲ್ಲ, ಆವಿಯ ಹಿಂದೆ ನೀವು ಕೂತಿದ್ದರೂ ಇರಬಹುದು ಎಂದುಕೊಂಡು ಅಡುಗೆ ಮುಗಿಸುತ್ತೇನೆ. ಈರುಳ್ಳಿ ನಾನೇ ಹೆಚ್ಚಿಕೊಳ್ಳುತ್ತೇನೆ, ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಹಾಗೆ ನೋಡಿದರೆ ಮುಖಗಳ ವಿಷಯದಲ್ಲಿ ನಾನೂ ಕಡಿಮೆಯವಳಲ್ಲ. ಬಸ್ ನಿಲ್ದಾಣದ ಎದುರಿನ ನಮ್ಮ ಕನ್ನಡಕದ ಅಂಗಡಿಗೆ ಬರುವವರು ಫ್ರೇಮು ಹಾಕಿಕೊಂಡು ಕನ್ನಡಿ ನೋಡಿದ ಕೂಡಲೇ ಏನು ಮಾಡುತ್ತಾರೆ ಗೊತ್ತೇ? ಕೆನ್ನೆ ಒಳಗೆಳೆದುಕೊಳ್ಳುತ್ತಾರೆ, ಹುಬ್ಬು ಒಂಚೂರು ಮೇಲೆತ್ತುತ್ತಾರೆ, ಬಾಯಿ ಮುಚ್ಚಿ ಗಂಭೀರವಾಗುತ್ತಾರೆ. ಹೆಂಡತಿಗೂ ಮಕ್ಕಳಿಗೂ ಎಂದೂ ತೋರಿಸದ ಒಂದು ಮುಖ ಅದು. ಆ ಮುಖಕ್ಕೆ ಒಪ್ಪುವ ಫ್ರೇಮು ಕೊಟ್ಟು ಕಳಿಸಿದರೆ ಒಂದೇ ವಾರದಲ್ಲಿ ವಾಪಸು ತರುತ್ತಾರೆ, ಮನೆಯಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು. ಅದಕ್ಕೇ ನಾನು ಅಳತೆ ನೋಡುವ ನೆಪದಲ್ಲಿ ಏನಾದರೂ ಕೇಳುತ್ತೇನೆ, ಮನೆಯಲ್ಲಿ ನಾಯಿ ಇದೆಯೇ, ಹಳೇ ಕನ್ನಡಕ ಮುರಿದದ್ದು ಹೇಗೆ ಅಂತ. ಉತ್ತರ ಹೇಳುವಾಗ ಅವರ ಸ್ವಂತ ಮುಖ ಈಚೆ ಬರುತ್ತದೆ, ಅದಕ್ಕೆ ಸರಿಹೊಂದುವ ಫ್ರೇಮು ತೆಗೆದುಕೊಡುತ್ತೇನೆ. ಮಾಲೀಕರು ಹೊಸದಾಗಿ ಬಂದ ಹುಡುಗಿಯರಿಗೆಲ್ಲ ನನ್ನನ್ನು ನೋಡಿ ಕಲಿಯಲು ಹೇಳುತ್ತಾರೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಇವಳಿಗೆ ಹೇಗೆ ಹೊಂದುತ್ತದೆ ಎಂದು ಅವರಿಗೇನು ಗೊತ್ತು.

ಯಾಕೆಂದರೆ ನೀವು ಹೊರಟಾಗ ನಾನೊಂದು ಪೆದ್ದು ಲೆಕ್ಕ ಹಾಕಿದ್ದೆ. ವಿಡಿಯೋ ಕಾಲ್ ಇದೆಯಲ್ಲ, ಅದೂ ಒಂದು ಕನ್ನಡಿಯೇ ಅಲ್ಲವೇ, ಬೇರೆ ಗಂಡಂದಿರು ಮೌನವಾದರೂ ನಮ್ಮವರು ಅದರಲ್ಲಿ ಚೆನ್ನಾಗಿ ಮಾತಾಡುತ್ತಾರೆ ಎಂದುಕೊಂಡಿದ್ದೆ. ಪರದೆಯ ಮೂಲೆಯಲ್ಲಿ ನಮ್ಮದೇ ಮುಖ ಒಂದು ಪುಟ್ಟ ಚೌಕದಲ್ಲಿ ಕೂತಿರುತ್ತದೆ ಎಂಬುದು ತಲೆಗೆ ಹೊಳೆದಿರಲಿಲ್ಲ. ಜೀವಮಾನವಿಡೀ ಕನ್ನಡಿಯ ಮುಂದೆ ನಿಂತವರು ನೀವು, ಆದರೆ ಅದರಲ್ಲಿ ಬೇರೆಯವರನ್ನು ನೋಡಿದಿರೇ ಹೊರತು ನಿಮ್ಮನ್ನು ನೋಡಿಕೊಳ್ಳಲು ನಿಮಗೆ ಪುರಸೊತ್ತೇ ಇರಲಿಲ್ಲ. ಮೊದಲ ಸಲ ಕರೆ ಮಾಡಿದ ದಿನ ಆ ಚೌಕದಲ್ಲಿ ನಿಮ್ಮ ಮುಖ ಕಂಡು ನೀವು ಬೆಚ್ಚಿದ್ದನ್ನು ನಾನು ನೋಡಿದೆ. ಅವತ್ತಿನಿಂದ ತಲೆ ಬಾಚಿಕೊಂಡು, ಕಾಲರು ಎಳೆದುಕೊಂಡು, ವಾರ್ತೆ ಓದುವವರ ಹಾಗೆ ಮಾತಾಡುತ್ತೀರಿ. "ಇಲ್ಲಿ ಎಲ್ಲ ವ್ಯವಸ್ಥೆ ಉತ್ತಮವಾಗಿದೆ" ಎನ್ನುತ್ತೀರಿ. ಉತ್ತಮ ಎಂಬ ಮಾತನ್ನು ನೀವು ಸಾಬೂನಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಿದ್ದನ್ನು ನಾನು ಕೇಳಿರಲಿಲ್ಲ. ನಾನೇನು ಬೇರೆಯೇ? ನಿಮ್ಮ ಕರೆ ಬರುವ ಹೊತ್ತಿಗೆ ಪೌಡರು ಬಳಿದು, ದೀಪವನ್ನು ಎಡಕ್ಕೆ ಸರಿಸಿ, ನನ್ನ ಚೌಕದಲ್ಲಿ ನಾನು ಚೆನ್ನಾಗಿ ಕಾಣುವವರೆಗೆ ಫೋನನ್ನು ಹಿಂದೆ ಮುಂದೆ ಮಾಡಿ ಕೂರುತ್ತೇನೆ. ನೀವು ನಿಮ್ಮನ್ನು ನೋಡಿಕೊಳ್ಳುತ್ತೀರಿ, ನಾನು ನನ್ನನ್ನು ನೋಡಿಕೊಳ್ಳುತ್ತೇನೆ, ಮಾತು ನಡುವೆ ಎಲ್ಲೋ ಸಮುದ್ರಕ್ಕೆ ಬೀಳುತ್ತದೆ.

ಇಡೀ ಮನೆಯಲ್ಲಿ ಈ ರೋಗ ತಗುಲದವರು ಅತ್ತೆ ಒಬ್ಬರೇ. ಎಷ್ಟು ಸಲ ಹೇಳಿಕೊಟ್ಟರೂ ಫೋನನ್ನು ಮುಖದ ಮುಂದೆ ಹಿಡಿಯುವುದಿಲ್ಲ, ನೇರ ಕಿವಿಗೆ ಒತ್ತಿಕೊಳ್ಳುತ್ತಾರೆ. "ಮಾತು ಕೇಳೋದು ಕಿವಿ ತಾನೆ, ಮೂಗು ತೋರಿಸಿ ಏನಾಗ್ಬೇಕು?" ಎಂದು ನನ್ನನ್ನೇ ಕೇಳುತ್ತಾರೆ. ಅವರಿಗೆ ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿರುತ್ತದೆ, ನಿಮ್ಮ ಮಾತೆಲ್ಲ ನನಗೂ ಕೇಳಿಸುತ್ತದೆ. ಇದು ನಿಮಗೆ ತಿಳಿದಿಲ್ಲ ಎಂದು ಕಾಣುತ್ತದೆ. ತಾಯಿಯ ಕಿವಿಯ ಜೊತೆ ನೀವು ಎಷ್ಟು ಚೆನ್ನಾಗಿ ಮಾತಾಡುತ್ತೀರಿ, ರೀ. ಮಂಡಿ ನೋಯುತ್ತದೆ ಎಂದು ಹೇಳಿದ್ದು ಆ ಕಿವಿಗೆ. ಹಡಗು ಓಲಾಡುವಾಗ ಕತ್ತರಿ ಎತ್ತಿ ಹಿಡಿದು, ಅಲೆ ದಾಟುವವರೆಗೆ ಗಿರಾಕಿಯ ಹೆಗಲ ಮೇಲೆ ಕೈಯಿಟ್ಟು ಕಾಯುತ್ತೇನೆ ಎಂದು ಹೇಳಿದ್ದೂ ಅದಕ್ಕೇ. ಸಲೂನು ಖಾಲಿ ಇದ್ದಾಗ ನೀವೇ ಗಿರಾಕಿಯ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ನಮ್ಮ ಬೀದಿಯ ಸದ್ದುಗಳನ್ನು ನೆನೆಸಿಕೊಳ್ಳುತ್ತೀರಂತೆ. "ಇಲ್ಲಿ ನನ್ನನ್ನ ಬೈಯೋರೂ ಯಾರೂ ಇಲ್ಲಮ್ಮ" ಎಂದಿರಿ. ಅತ್ತೆ ಎಲ್ಲಕ್ಕೂ, "ಊಟ ಮಾಡಿದ್ಯಾ?" ಎಂಬ ಒಂದೇ ಪ್ರಶ್ನೆ ಕೇಳುತ್ತಾರೆ, ನೀವು ಮಗುವಿನ ಹಾಗೆ ಹೂಂ ಎನ್ನುತ್ತೀರಿ. ಆಮೇಲೆ ಫೋನು ನನ್ನ ಕೈಗೆ ಬರುತ್ತದೆ. ನೀವು ಕೂದಲು ಸವರಿಕೊಂಡು, ನೆಟ್ಟಗೆ ಕೂತು, "ಎಲ್ಲರೂ ಕ್ಷೇಮ ತಾನೇ" ಎನ್ನುತ್ತೀರಿ. ಎಂಬತ್ತು ದಾಟಿದ ಒಂದು ಕಿವಿಯ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಎಂದು ಯಾರ ಹತ್ತಿರ ಹೇಳಲಿ.

ಹಾಗಾಗಿ ಕಳೆದ ಭಾನುವಾರ ನೀವು ಕೇಳಿದಾಗ, ನಿಮಗೆ ಅಲ್ಲಿ ಬೇಸರವಾಗಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇರಿ ಅಂದೆ. ನಿಮ್ಮ ಹಿಂದೆ ಬೇಕರಿಯವರ ಜಾಗಕ್ಕೆ ಬಂದವರೋ ಯಾರೋ ಕೂತು ತಿನ್ನುತ್ತಿದ್ದರು, ನನ್ನ ಹಿಂದೆ ಮೈದುನನೂ ಮಗಳೂ ಇಣುಕುತ್ತಿದ್ದರು. "ಏನಂತೀಯ?" ಎಂದು ನೀವು ಕೇಳಿದಾಗ ನನ್ನ ಕಣ್ಣು ಮೂಲೆಯ ಚೌಕಕ್ಕೆ ಹೋಯಿತು. ಅಲ್ಲಿ ಒಬ್ಬ ಹೆಂಗಸು ಇದ್ದಳು, ಧೈರ್ಯವಂತೆ, ಗಂಡನ ಏಳಿಗೆಗೆ ಅಡ್ಡ ಬರದವಳು, ದೀಪದ ಬೆಳಕಿನಲ್ಲಿ ಒಂದಿಷ್ಟು ಚೆನ್ನಾಗಿಯೂ ಇದ್ದಳು. ಅವಳು ಗಲ್ಲವನ್ನು ಸ್ವಲ್ಪ ಎತ್ತಿ, "ಇರಿ, ನಮ್ಮ ಚಿಂತೆ ಬಿಡಿ" ಎಂದಳು. ನೀವು "ಸರಿ ಹಾಗಾದ್ರೆ" ಎಂದಿರಿ. ನೀವು ಹಾಗೆನ್ನುವಾಗ ನನ್ನನ್ನು ನೋಡುತ್ತಿದ್ದಿರೋ, ನಿಮ್ಮ ಚೌಕದಲ್ಲಿದ್ದ ಆ ಗಟ್ಟಿ ಗಂಡಸನ್ನು ನೋಡುತ್ತಿದ್ದಿರೋ, ನನಗೆ ತಿಳಿಯಲಿಲ್ಲ. ಒಲೆಯ ಮುಂದೆ ನಾನು ಬಾಯಿ ಬಿಡದಿದ್ದರೂ ಓದಿಕೊಂಡ ಮುಖವನ್ನು ಅವತ್ತು ನೀವು ಓದಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಫೋನು ಇಟ್ಟ ಮೇಲೆ ಮೈದುನ, "ಅತ್ತಿಗೆ, ನಿಮ್ ಧೈರ್ಯ ಮೆಚ್ಚಬೇಕು" ಎಂದ. ನನಗೂ ಒಂದು ಗಳಿಗೆ ಮೆಚ್ಚುಗೆಯಾಯಿತು ಎಂದರೆ ನಂಬಿ.

ಮಗಳು ಮಾತ್ರ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದವಳು, "ಅಮ್ಮ, ನೀನು ಅಪ್ಪನ ಹತ್ರ ಮಾತಾಡುವಾಗ ಬೇರೆ ಯಾರೋ ಆಗ್ತೀಯ. ನಂಗೆ ಅವಳು ಇಷ್ಟ ಇಲ್ಲ" ಎಂದು ಹೇಳಿ ಓದಲು ಹೋದಳು. ನಾನು ಎದ್ದು ಒಲೆ ಹಚ್ಚಿದೆ, ಮೇಲೆ ನೋಡಿದೆ. ಕನ್ನಡಿಯಲ್ಲಿ ಅರ್ಧ ಪೌಡರು ಅಳಿಸಿದ ಮುಖವೊಂದಿತ್ತು, ಅದರ ಹಿಂದೆ ನಿಮ್ಮ ಕುರ್ಚಿ. ಆ ಮುಖಕ್ಕೆ ಯಾರಾದರೂ ಒಂದು ಪ್ರಶ್ನೆ ಕೇಳಬೇಕಿತ್ತು ಅನಿಸಿತು.

ಇಷ್ಟೆಲ್ಲ ಬರೆದೆ ಎಂದು ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೆಂಗಸರ ಮಾತು, ಅಂಗಡಿಗೆ ರಜೆಯ ದಿನ ಮಧ್ಯಾಹ್ನ ಹೊತ್ತು ಹೋಗದಿದ್ದರೆ ಹೀಗೇ. ಸಹಿಯ ವಿಷಯ ನಿಮಗೆ ಬಿಟ್ಟಿದ್ದು, ನಿಮಗೆ ಯಾವುದು ಸರಿ ಕಾಣುತ್ತದೋ ಹಾಗೆ ಮಾಡಿ, ನಮ್ಮಿಂದ ಯಾವ ಅಡ್ಡಿಯೂ ಇಲ್ಲ. ಬೇಕರಿಯವರ ಕೈಯಲ್ಲಿ ಮಂಡಿಗೆ ಹಚ್ಚುವ ಎಣ್ಣೆ ಕಳಿಸಿದ್ದೇನೆ, ಮಲಗುವ ಮುಂಚೆ ಬಿಸಿ ಮಾಡಿ ಹಚ್ಚಿಕೊಳ್ಳಿ. ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಊಟ ಮಾಡಿದನಾ ಕೇಳು ಎಂದೂ ಹೇಳಿದ್ದಾರೆ. ಮಗಳು ತಾನೇ ಬೇರೆ ಬರೆಯುತ್ತಾಳಂತೆ. ನಿಮ್ಮ ತಮ್ಮನ ನಮಸ್ಕಾರ. ಗಡಿಯಾರ ರಿಪೇರಿಯವರದೂ ಸೇರಿಸಿಕೊಳ್ಳಿ, ಅವರ ತಲೆ ನಿಮಗಾಗಿ ಕಾಯುತ್ತಿದೆ.

ಆರೋಗ್ಯ ಜೋಪಾನ.

ಇಂತಿ,
ಒಲೆಯ ಮುಂದಿನವಳು

ತಾ.ಕ.: ಬೇಕರಿಯವರು ಬಂದು ಟೀ ಕುಡಿದು ಆಗಲೇ ಬೂಟು ಹಾಕಿಕೊಳ್ಳುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮೇಲೆ "ನಿಮಗೆ ಯಾವುದು ಸರಿ ಕಾಣುತ್ತದೋ ಹಾಗೆ ಮಾಡಿ" ಎಂದು ಬರೆದದ್ದೂ ಅವಳೇ, ಚೌಕದವಳು. ಕಾಗದದೊಳಗೂ ಬಂದು ಕೂತಿದ್ದಾಳೆ, ನಾನು ಈಗ ನೋಡಿದೆ. ಅವಳ ಮಾತು ಕೇಳಬೇಡಿ. ಸಹಿ ಹಾಕಬೇಡಿ. ನೀವಿಲ್ಲದೆ ನನ್ನಿಂದ ಆಗುತ್ತಿಲ್ಲ, ಇದರಲ್ಲಿ ಧೈರ್ಯದ ಮಾತೇನೂ ಇಲ್ಲ. ಈ ಭಾನುವಾರ ನೀವು ಕರೆ ಮಾಡಿದಾಗ ನನ್ನ ಮುಖ ಕಾಣುವುದಿಲ್ಲ, ಗಾಬರಿಯಾಗಬೇಡಿ, ಅತ್ತೆಯ ಹಾಗೆ ಫೋನನ್ನು ಕಿವಿಗೆ ಒತ್ತಿಕೊಂಡಿರುತ್ತೇನೆ. ನಿಮ್ಮ ಚೌಕದ ಮೇಲೆ ಹೆಬ್ಬೆರಳು ಇಟ್ಟುಕೊಂಡು, ನನ್ನ ಕಿವಿ ನೋಡುತ್ತಾ, "ಇರಲಾ?" ಎಂದು ಇನ್ನೊಂದು ಸಲ ಕೇಳಿ. ಓಲೆ ಮಾತ್ರ ಹೊಸದು ಹಾಕಿಕೊಂಡಿರುತ್ತೇನೆ. ಅಷ್ಟು ಸುಳ್ಳು ಇರಲಿ.